ಕಾಡು ಮತ್ತು ಒಲಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ದೇಶದಾಗ ಕಾಡು ಹೆಚ್ಚು, ಇನ್ನೊಂದರಾಗ ಕಡಿಮಿ. ಯಾಕ? ಮಳಿ ಅಂತೀವಿ. ಸುಳ್ಳಲ್ಲ. ಮುಂಗಾರು ಮೋಡ ಸಹ್ಯಾದ್ರಿಯಲ್ಲೇ ಸುರಿದು ಬರಿದಾಗುತ್ತದೆ. ನಮ್ಮ ಬಾಗಲಕೋಟೆ, ಹುನಗುಂದ, ಇಳಕಲ್ಲಿಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ದಾಂಡೇಲಿಯಂಥ ಕಾಡು ಇಲ್ಲಿ ಬೆಳೆಯದು.

ಆದರೆ ಕೆರಿಬಿಯನ್ ಸಮುದ್ರದ ಒಂದೇ ನಡುಗಡ್ಡೆಯಲ್ಲಿ ಹೈಟಿ, ಡೊಮಿನಿಕನ್ ಗಣರಾಜ್ಯ ಎಂಬ ಎರಡು ದೇಶಗಳಿವೆ. ಡೊಮಿನಿಕನ್ ಸರಕಾರ 1967ರಲ್ಲಿ ಮರ ಕೊಯ್ಯುವ ಗಿರಣಿಗಳನ್ನು ಮುಚ್ಚಿಸಿತು, ಮುಂದೆ ಅಡಿಗೆ ಗ್ಯಾಸಿಗೆ ಸಹಾಯಧನ ಕೊಟ್ಟಿತು. ಹೈಟಿಯ ಬಡವರ ಒಲೆಗೆ ಇದ್ದಿಲೇ ಗತಿಯಾಯಿತು. ಡೊಮಿನಿಕನ್ ಕಡೆ ಮಳೆಯೂ ತುಸು ಹೆಚ್ಚು, ಒಪ್ಪತೀನಿ. ಆದರೂ ಗಡಿಯ ಈಚೆ ಹಸಿರು, ಆಚೆ ಬೋಳು ಆಗಲು ಮಳೆಯೊಂದೇ ಕಾರಣವಲ್ಲ.

ಬಾದಾಮಿ ಗುಡ್ಡದಿಂದ ಕಟಗಿ ಹೊರೆ ತರೋ ತಾಯಂದಿರನ್ನ ಬೈಬ್ಯಾಡ್ರಿ. ಸಿಲಿಂಡರ್ ಮನಿಗೆ ಬಂದರೂ ಮತ್ತ ತುಂಬಸಾಕ ರೊಕ್ಕ ಬೇಕಲ್ಲ! ಸಂಘ ಬೀಜ, ಗೊಬ್ಬರಕ್ಕೆ ಸಾಲ ಕೊಡುತ್ತದೆ. ಸುಗ್ಗಿಯಲ್ಲಿ ತೀರಿಸುವಂತೆ ಸಿಲಿಂಡರಿಗೂ ಸಣ್ಣ ಸಾಲ ಯಾಕ ಕೊಡಬಾರದು? ಈ ಠರಾವನ್ನು ಸಭೆಯ ಮುಂದಿಡುತ್ತೇನೆ.