ಕೂಗಳತೆಯ ದೂರದಲ್ಲಿ



ಶಿವಮೊಗ್ಗದಲ್ಲಿ ನಮಗೆ ಅಂಗಳವಿದ್ದ ಬಾಡಿಗೆ ಮನೆಯಿತ್ತು. ಅದನ್ನು ಬಿಟ್ಟು ಬೆಂಗಳೂರಿನ ಬಸವನಗುಡಿಗೆ, ಅಪ್ಪ ಅಮ್ಮನ ಮನೆಯ ಪಕ್ಕದ ಬೀದಿಗೆ ಬಂದೆವು. ಕೋಣೆ ಒಂದು ಕಡಿಮೆ, ಬಾಡಿಗೆ ಎರಡೂವರೆ ಪಟ್ಟು, ಮೇಲೆ ಹತ್ತು ತಿಂಗಳ ಅಡ್ವಾನ್ಸ್. ಕಾರು ಮಾರಬೇಕಾಯಿತು. ‘ಈ ದುಬಾರಿ ಊರಿಗೆ ಯಾಕೆ ಬಂದ್ರಿ?’ ಎಂದವರೇ ಹೆಚ್ಚು.

ಬಂದ ವಾರವೇ ಅಪ್ಪನ ಮಾತ್ರೆ ಡಬ್ಬಿ ತೆರೆದೆ. ಬೆಳಗಿನ ಬಿಪಿ ಮಾತ್ರೆ, ರಾತ್ರಿಯ ಮಾತ್ರೆ ಎರಡೂ ಒಂದೇ ಖಾನೆಯಲ್ಲಿ ಬೆರೆತಿದ್ದವು. ಶಿವಮೊಗ್ಗದಲ್ಲಿದ್ದಾಗ ಫೋನಿನಲ್ಲಿ ದಿನವೂ ‘ಮಾತ್ರೆ ತಗೊಂಡ್ರಾ ಅಪ್ಪಾ?’ ಎಂದು ಕೇಳುತ್ತಿದ್ದೆ. ‘ಹೂಂ, ಆಯ್ತು ಮಗಾ’ ಎನ್ನುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಅದು ಫೋನಿನಲ್ಲಿ ತಿಳಿಯುವಂಥದ್ದಲ್ಲ.

2007ರಲ್ಲಿ ನಮ್ಮ ಸಂಸತ್ತು ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗೆ ಕಾಯ್ದೆ ಮಾಡಿತು. ಅದರಡಿ ಮಕ್ಕಳಿಂದ ಜೀವನಾಂಶ ಕೊಡಿಸಬಹುದು. ಆದರೆ ಸಂಜೆ ಅಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುವ ಕೈಗಳನ್ನು ಯಾವ ಕಾಯ್ದೆ ಕೊಡಿಸೀತು?

ಹೆತ್ತವರ ಬಳಿಗೆ ಮರಳಿ ಬರಲು ಎಲ್ಲರಿಗೂ ಆಗದು. ಕೆಲಸ, ಮಕ್ಕಳ ಶಾಲೆ, ಮನೆಸಾಲ ಹೀಗೆ ನೂರು ಕಟ್ಟುಗಳಿರುತ್ತವೆ. ಅಂಥವರನ್ನು ದೂರುವುದು ತರವಲ್ಲ. ಆದರೆ ಅಡ್ಡಿ ಬರೀ ದುಡ್ಡಿನದಾದರೆ, ದಯವಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ. ಖರ್ಚಾದ ಹಣವನ್ನು ನಾಳೆ ದುಡಿದೇವು. ಅಪ್ಪ ಅಮ್ಮನೊಂದಿಗಿನ ಸಂಜೆಗಳನ್ನು ನಾಳೆಗೆಂದು ಕೂಡಿಡಲಾಗದು. ಅವರು ಕೂಗಿದರೆ ‘ಬಂದೆ’ ಎನ್ನುವಷ್ಟು ಹತ್ತಿರ ಇರುವುದೇ ಇಂದಿನ ನನ್ನ ಸಿರಿತನ.