ಮುತ್ತಮ್ಮನವರ ಮುಚ್ಚಳಿಕೆ, ಇವತ್ತಿನ ಎಐ ಪಾಠ

ವಿಜಯನಗರದಲ್ಲಿ ಐಎಎಸ್, ಕೆಎಎಸ್ ಕೋಚಿಂಗ್ ಸೆಂಟರ್‌ಗಳು ಎಷ್ಟಿವೆ ಅನ್ನೋದು ಈ ಕಡೆಯವರಿಗೆಲ್ಲ ಗೊತ್ತು. ಅಂಥದ್ದೇ ಒಂದರಲ್ಲಿ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡ್ತೀನಿ. ಮೊನ್ನೆ ಬಸವೇಶ್ವರನಗರದಿಂದ ಬರುವ ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಮೇಡಂ, ನನಗೆ ವಿದೇಶಾಂಗ ಸೇವೆ ಇಷ್ಟ. ಆದರೆ ಎಐ, ಆಯುಧ, ಭದ್ರತೆ ಇವೆಲ್ಲ ಎಂಜಿನಿಯರ್‌ಗಳ ವಿಷಯ ಅಲ್ವಾ? ನಾನು ಓದಿದ್ದು ಬಿಎ.'

ನಾನು ಅವಳಿಗೆ ಸಿ.ಬಿ. ಮುತ್ತಮ್ಮನವರ ಕತೆ ಹೇಳಿದೆ. ಹುಟ್ಟಿದ್ದು ಕೊಡಗಿನ ವಿರಾಜಪೇಟೆಯಲ್ಲಿ, ಓದಿದ್ದು ಇಂಗ್ಲಿಷ್ ಸಾಹಿತ್ಯ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡ್ತೀನಿ ಅಂತ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಗಂಡಸರು ಅಂಥದ್ದೇನೂ ಬರೆಯಬೇಕಿರಲಿಲ್ಲ. ಮುಂದೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾ. ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆಯುವ ಹೊತ್ತಿಗೆ ಬಡ್ತಿ ಸಿಕ್ಕಿತ್ತು, ಅರ್ಜಿ ವಜಾ ಆಯಿತು. ಆದರೆ ಸೇವಾ ನಿಯಮಗಳನ್ನೆಲ್ಲ ಪರಿಶೀಲಿಸಿ ಲಿಂಗ ತಾರತಮ್ಯ ತೆಗೆಯಿರಿ ಅಂತ ಕೋರ್ಟ್ ಸರ್ಕಾರಕ್ಕೆ ಹೇಳಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ವೀಡನ್ನಿನ ಓಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗ 1982ರಲ್ಲಿ ವರದಿ ಕೊಟ್ಟಿತಲ್ಲ, ಅದರಲ್ಲಿ ಭಾರತದ ಸದಸ್ಯೆ ಇದೇ ಮುತ್ತಮ್ಮ. ಸಾಹಿತ್ಯ ಓದಿದವರು ಅಣ್ವಸ್ತ್ರದ ಚರ್ಚೆಯಲ್ಲಿ ಕೂತಿದ್ದರು.

ಈಗ ಅದೇ ಮೇಜಿಗೆ ಎಐ ಬಂದಿದೆ. ಯಂತ್ರವೇ ಗುರಿ ಆರಿಸಿ ಹೊಡೆಯಬಹುದಾ? ತಪ್ಪಾದರೆ ಹೊಣೆ ಯಾರದು? ಜಿನೀವಾದಲ್ಲಿ ಈ ಚರ್ಚೆ ನಡೆಸುವ ತಜ್ಞರ ಗುಂಪಿಗೆ 2017, 2018ರಲ್ಲಿ ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಅದೇ ಜಿನೀವಾದಲ್ಲಿ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಸಂಶೋಧನಾ ಸಂಸ್ಥೆ 'ಯುನಿಡಿರ್' ಮಹಿಳಾ ರಾಜತಾಂತ್ರಿಕರಿಗೆ ಅಂತಲೇ ಎಐ ಫೆಲೋಶಿಪ್ ಶುರುಮಾಡಿದೆ.

ಮಹಿಳೆಯರಿಗೇ ಯಾಕೆ ಅಂತೀರಾ? ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ! ಇಂಥ ಕಣ್ಣನ್ನು ಆಯುಧಕ್ಕೆ ಕೂಡಿಸಿದರೆ ಏನಾದೀತು, ಯೋಚನೆ ಮಾಡಿ. ಈ ಪ್ರಶ್ನೆ ಕೇಳೋಕೆ ಕೋಡ್ ಬರೆಯಲು ಬರಬೇಕಿಲ್ಲ. ಯಂತ್ರ ಯಾವ ದತ್ತಾಂಶದಿಂದ ಕಲಿಯಿತು, ಎಲ್ಲಿ ಎಡವುತ್ತೆ, ಕಾನೂನು ಏನನ್ನುತ್ತೆ ಅಂತ ಗೊತ್ತಿರಬೇಕು. ಅದಕ್ಕೇ ತರಬೇತಿ.

ಮುತ್ತಮ್ಮ ಸೇವೆಗೆ ಬಂದಾಗ ನಿಯಮ ಬರೆದಾಗಿತ್ತು. ಕೋರ್ಟ್ ಆ ಮಾತು ಹೇಳೋಕೆ 30 ವರ್ಷ ಬೇಕಾಯಿತು. ಎಐ ಆಯುಧಗಳ ನಿಯಮ ಇನ್ನೂ ಬರೆದು ಮುಗಿದಿಲ್ಲ. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ಬರೆಯುವಾಗಲೇ ಹೋಗಿ ಕೂತ್ಕೋ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.