ಅಮ್ಯೂಸ್: ವಂಚನೆಯಿಂದ ವಿನೋದಕ್ಕೆ



ಅಮ್ಯೂಸ್‌ಮೆಂಟ್ ಪಾರ್ಕ್ ಎಂದರೆ ನಮ್ಮ ಮಕ್ಕಳಿಗೆ ರಜೆಯ ಮಜಾ: ನೀರಾಟ, ಗಿರಕಿ, ಕೂಗಾಟ. ಆದರೆ ಮುನ್ನೂರು ವರ್ಷದ ಹಿಂದೆ ಲಂಡನ್ನಿನ ವ್ಯಾಪಾರಿಯೊಬ್ಬನಿಗೆ ‘ಅವನು ನಿನ್ನನ್ನು ಅಮ್ಯೂಸ್ ಮಾಡುತ್ತಿದ್ದಾನೆ’ ಎಂದಿದ್ದರೆ, ಅವನು ನಗುವ ಮೊದಲು ಹಣದ ಚೀಲ ತಡವಿಕೊಳ್ಳಬೇಕಿತ್ತು. ಗಮನವನ್ನು ಬೇರೆಡೆ ಸೆಳೆದು ಮೋಸ ಮಾಡುವುದೇ ಆಗ ಆ ಕ್ರಿಯಾಪದದ ಮುಖ್ಯ ಅರ್ಥ.

ಪದದ ತವರು ಫ್ರಾನ್ಸ್. ಹಳೆಯ ಫ್ರೆಂಚಿನಲ್ಲಿ ‘ಮ್ಯೂಸೆ’ ಎಂದರೆ ಪಿಳಿಪಿಳಿ ನೋಡುತ್ತ ನಿಲ್ಲು, ಯೋಚನೆಯಲ್ಲಿ ಮುಳುಗು, ಹೊತ್ತು ಕಳೆ. ಪ್ರಾಣಿಯ ಮೂತಿಗಿದ್ದ ಹೆಸರಿನಿಂದ ಇದು ಹುಟ್ಟಿರಬಹುದೆಂದು ವಿದ್ವಾಂಸರ ಊಹೆ: ಬೇಟೆಯ ವಾಸನೆ ತಪ್ಪಿದ ನಾಯಿ ಮೂತಿ ಮೇಲೆತ್ತಿ, ಗಾಳಿ ಮೂಸುತ್ತ, ದಿಕ್ಕು ತೋಚದೆ ನಿಲ್ಲುತ್ತದಲ್ಲ, ಆ ಭಂಗಿ. ಇನ್ನೊಬ್ಬರನ್ನು ಹಾಗೆ ನಿಲ್ಲಿಸಿಬಿಡುವುದೇ ‘ಅಮ್ಯೂಸೆ’. 15ನೇ ಶತಮಾನದ ಕೊನೆಗೆ ಅದು ಇಂಗ್ಲಿಷಿಗೆ ಬಂತು.

ಇಲ್ಲೊಂದು ಎಚ್ಚರಿಕೆ. ‘ಮ್ಯೂಸ್ ಎಂದರೆ ಚಿಂತನೆ, ಅ ಎಂದರೆ ಇಲ್ಲ, ಹಾಗಾಗಿ ಅಮ್ಯೂಸ್ ಎಂದರೆ ಚಿಂತಿಸದಿರು’ ಎಂದು ಉಪದೇಶಕರು ಬಿಡಿಸಿ ಹೇಳುವುದುಂಟು. ‘ಅಶಾಂತಿ’, ‘ಅನ್ಯಾಯ’ದಂಥ ಪದಗಳನ್ನು ಬಲ್ಲ ನಮಗೆ ಇದು ಥಟ್ಟನೆ ಒಪ್ಪಿಗೆಯಾಗುತ್ತದೆ. ಆದರೆ ಈ ‘ಅ’ ನಿಷೇಧದ್ದಲ್ಲ. ‘ಕಡೆಗೆ’ ಎನ್ನುವ ಲ್ಯಾಟಿನ್ ಉಪಸರ್ಗದ ಸವೆದ ರೂಪ. ಮ್ಯೂಸಿಯಂ ಶಬ್ದಕ್ಕೆ ಮೂಲವಾದ ಗ್ರೀಕ್ ಕಲಾದೇವಿಯರಿಗೂ ಇದಕ್ಕೂ ನಂಟಿಲ್ಲ.

ಯುದ್ಧದ ಭಾಷೆಯಲ್ಲಂತೂ ಈ ಪದಕ್ಕೆ ನಗುವಿನ ಸೋಂಕೇ ಇರಲಿಲ್ಲ. ಕೋಟೆಯ ಒಂದು ಬಾಗಿಲಲ್ಲಿ ನಗಾರಿ ಬಾರಿಸಿ, ಸುಳ್ಳು ದಾಳಿ ತೋರಿಸಿ, ಇನ್ನೊಂದು ಕಡೆಯಿಂದ ನುಗ್ಗಿದರೆ ಅದು ಶತ್ರುವನ್ನು ‘ಅಮ್ಯೂಸ್’ ಮಾಡಿದಂತೆ.

ನಗುವಿನ ಅರ್ಥ 1630ರ ದಶಕದಲ್ಲೇ ತಲೆಹಾಕಿತ್ತು. ಆದರೂ ಬಹುಕಾಲ ಎರಡೂ ಒಟ್ಟೊಟ್ಟಿಗೆ ಬಾಳಿದವು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಮನಸ್ಸನ್ನು ಕದಡದೆ ನೆಮ್ಮದಿಯಿಂದ ತೊಡಗಿಸಿಡುವುದು ಒಂದು ಅರ್ಥ. ಆಸೆ ಹುಟ್ಟಿಸಿ ಸತಾಯಿಸುವುದು ಇನ್ನೊಂದು. 19ನೇ ಶತಮಾನ ಕಳೆಯುವ ಹೊತ್ತಿಗೆ ಮೋಸ ಹಿಂದೆ ಸರಿದು ವಿನೋದ ಉಳಿಯಿತು.

ಅರ್ಥ ಬದಲಾಯಿತು, ಕೆಲಸ ಬದಲಾಗಲಿಲ್ಲ: ನೋಡುವವನ ಗಮನವನ್ನು ಒಂದೆಡೆ ಹಿಡಿದಿಡುವುದು. ಬಲಗೈಯಲ್ಲಿ ಕರವಸ್ತ್ರ ಆಡಿಸುತ್ತ ಎಡಗೈಯಲ್ಲಿ ನಾಣ್ಯ ಮಾಯ ಮಾಡುವ ಜಾದೂಗಾರ ಇವತ್ತಿಗೂ ಎರಡೂ ಅರ್ಥಗಳಲ್ಲಿ ನಮ್ಮನ್ನು ಅಮ್ಯೂಸ್ ಮಾಡುತ್ತಾನೆ; ನಾವೇ ಟಿಕೆಟ್ ಕೊಂಡು ಹೋಗಿ ಕೂತಿರುತ್ತೇವೆ, ಅಷ್ಟೇ.